ಹೆಜ್ಜೆಗಿವಿ

ಹೊಲದ ನಡುವೆ ನೆಟ್ಟಿದ್ದ ಮೊಳದುದ್ದದ ಕಂಬಿ ವರ್ಷವಿಡೀ ಹೆಜ್ಜೆಗಳನ್ನು ಕೇಳುತ್ತಿತ್ತು. ಪ್ರತಿಯೊಬ್ಬರ ನಡಿಗೆಯೂ ನೆಲದಲ್ಲಿ ತನ್ನದೇ ಕಂಪನ ಎಬ್ಬಿಸುತ್ತದೆ. ಆ ಕಂಪನದಿಂದಲೇ ಯಾರು ಎಷ್ಟು ದಿನ ಹೊಲದಲ್ಲಿದ್ದರೆಂದು ಹೆಜ್ಜೆಗಿವಿ ಎಂಬ ಈ ಯಂತ್ರ ಹೇಳುತ್ತಿತ್ತು. 2057ರ ಕಾನೂನಿನಂತೆ, ಹೆಚ್ಚು ದಿನ ದುಡಿದವರ ಹೆಸರಿಗೇ ಪಹಣಿ.

ಕಲ್ಲಿಹಾಳದ ಫಕೀರವ್ವ ಅದಕ್ಕೇ ಕಾದಿದ್ದಳು. ಗಂಡ ಸತ್ತ ಹನ್ನೊಂದು ವರ್ಷದಿಂದ ಎರಡೆಕರೆ ಮೆಣಸಿನಗಿಡ ನೋಡಿಕೊಂಡವಳು ಅವಳು. ಯಾವ ಬೀಜ ಹಾಕಬೇಕೆಂದು ಹೇಳುತ್ತಿದ್ದವನು ಮಾತ್ರ ಮೈದುನ ಶಿವಪುತ್ರಪ್ಪ.

ಪಂಚಾಯಿತಿ ಕಟ್ಟೆಯಲ್ಲಿ, ಯಂತ್ರ ರೂಪಿಸಿದ ಡಾಕ್ಟರ್ ಮುರಗೇಂದ್ರ ಪಟ್ಟಿ ಓದಿದರು. "ಶಿವಪುತ್ರಪ್ಪ, ನೂರಾ ಮೂವತ್ತೊಂದು ದಿನ. ಫಕೀರವ್ವ, ಒಂಬತ್ತು. ಮೇಯುವ ಕುರಿ, ಇನ್ನೂರ ಹನ್ನೆರಡು ದಿನ."

"ಇಂವ ಕೈ ಹಿಂದ ಕಟ್ಕೊಂಡು ಬದುವಿನ ಮ್ಯಾಲ ತಿರುಗ್ಯಾನ್ರೀ!" ಎಂದಳು ಫಕೀರವ್ವ.

"ಮಷಿನ್ ಸುಳ್ಳ ಹೇಳತೈತೇನು ವೈನಿ?" ಶಿವಪುತ್ರಪ್ಪ ನಕ್ಕ.

ಫಕೀರವ್ವ ಡಾಕ್ಟರರತ್ತ ತಿರುಗಿದಳು. "ಸರ, ನಮ್ಮ ಮನ್ಯಾಗ ಕುರೀನ ಇಲ್ಲ."

ಮುರಗೇಂದ್ರ ಪಟ್ಟಿಯನ್ನು ಮತ್ತೆ ನೋಡಿದರು. ತಪ್ಪು ಎಲ್ಲಿದೆಯೆಂದು ಅವರಿಗೆ ಹೊಳೆಯಿತು. ಯಂತ್ರಕ್ಕೆ ಪಾಠ ಕಲಿಸಿದ್ದು ವಿಶ್ವವಿದ್ಯಾಲಯದ ತಾಕಿನಲ್ಲಿ, ನೆಟ್ಟಗೆ ನಡೆಯುವ ವಿದ್ಯಾರ್ಥಿಗಳಿಂದ. ಕುಕ್ಕರಗಾಲಿನಲ್ಲಿ ಕುಳಿತು, ಸಾಲಿನುದ್ದಕ್ಕೂ ಸರಿಯುತ್ತ ಕಳೆ ತೆಗೆಯುವವರ ಸಪ್ಪಳವನ್ನು ಅದಕ್ಕೆ ಯಾರೂ ಕೇಳಿಸಿರಲಿಲ್ಲ.

"ತಪ್ಪಾಗಿದೆಯಮ್ಮಾ. ಮುಂದಿನ ವರ್ಷ ಸರಿಮಾಡ್ತೀವಿ."

"ಮುಂದಿನ ವರ್ಷ ನಾ ಯಾರ ಹೊಲದಾಗ ಕುಂದ್ರಲಿ?" ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಕುರ್ಪಿಯನ್ನು ಅವರ ಕೈಗೆ ತುರುಕಿದಳು. "ಬರ್ರಿ. ಒಂದು ಸಾಲು ಕಳೆ ತಗೀರಿ."

ಊರೇ ಹೊಲದ ಬದುವಿಗೆ ಬಂತು. ವಿಜ್ಞಾನಿ ಪ್ಯಾಂಟು ಮಡಚಿ ಕುಳಿತರು, ಸರಿದರು, ಹತ್ತು ಗಿಡಕ್ಕೇ ಸೊಂಟ ಹಿಡಿದುಕೊಂಡರು. ಯಂತ್ರದ ಪರದೆ ಮಿನುಗಿತು: ಮೇಯುವ ಕುರಿ, ಒಂದು.

"ಬ್ಯಾ ಅನ್ರಿ ಸರ!" ಹೆಂಗಸರು ಬಿದ್ದು ಬಿದ್ದು ನಕ್ಕರು.

ಫಕೀರವ್ವ ನಗಲಿಲ್ಲ. "ಈಗ ಬರೀರಿ."

ಮುರಗೇಂದ್ರ ಅಲ್ಲಿಯೇ ಪಟ್ಟಿ ರದ್ದುಮಾಡಿದರು. ಯಂತ್ರಕ್ಕೆ ಹೊಸದಾಗಿ ಕಲಿಸಿ, ಕೂಡಿಟ್ಟಿದ್ದ ವರ್ಷದ ಕಂಪನಗಳನ್ನು ಮತ್ತೆ ಕೇಳಿಸಿದರು. ತಿಂಗಳೊಳಗೆ ತಾಲ್ಲೂಕಿನ ದಾಖಲೆಗಳಲ್ಲಿ ಹದಿನಾರು ಸಾವಿರ ಕುರಿಗಳು ಮಾಯವಾದವು. ಅಷ್ಟೂ ಜಾಗದಲ್ಲಿ ಹೆಂಗಸರ ಹೆಸರುಗಳು ಬಂದವು. ಮೊದಲ ಹೆಸರು ಫಕೀರವ್ವನದು. ಆ ಮುಂಗಾರಿಗೆ ಬೀಜ ಆರಿಸಿದವಳು ಅವಳೇ.

ಹಳೆಯ ತಪ್ಪುಗಳು ಇನ್ನೂ ಇರಬಹುದೆಂದು ಮುರಗೇಂದ್ರ ಮೂವತ್ತು ವರ್ಷಗಳ ಹಿಂದಿನ, ಯಂತ್ರವಿಲ್ಲದ ಕಾಲದ ಪಹಣಿಗಳನ್ನು ತೆರೆದರು. ಸಾಗುವಳಿದಾರರ ಕಾಲಂನಲ್ಲಿ ಪುಟದಿಂದ ಪುಟಕ್ಕೆ ಗಂಡಸರ ಹೆಸರುಗಳೇ.

ಅಲ್ಲಿ ಕುರಿಯೂ ಇರಲಿಲ್ಲ.