ಹಾಲಿನ ಪುಡಿ ಮತ್ತು ಒಂದು ಕಪ್ಪು ಗೆರೆ

"ಈ ಕಪ್ಪು ವೈರಸ್ಸಿನದಲ್ಲ. ಹಾಲಿನದು!"

ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ್ದ ಸೂಕ್ಷ್ಮದರ್ಶಕ ತಜ್ಞ ಹಾಗೆಂದದ್ದೇ ತಡ, ಸಭೆ ಗೊಳ್ಳೆಂದು ನಕ್ಕಿತು. ಪರದೆಯ ಮೇಲೆ ಕಪ್ಪಾದ ಪರೀಕ್ಷಾ ಪಟ್ಟಿಯ ಚಿತ್ರ ತೋರಿಸುತ್ತ ತನ್ನ ಫಲಿತಾಂಶ ವಿವರಿಸುತ್ತಿದ್ದ ಅವಳ ಮುಖ ಕೆಂಪೇರಿತು.

ಅವಳು ವರ್ಷಗಟ್ಟಲೆ ಒಂದೇ ವೈರಸ್ಸಿನ ಬೆನ್ನು ಹತ್ತಿದ್ದಳು. ಅದರ ಒಂದು ಪ್ರೋಟೀನು ಜೀವಕೋಶದೊಳಗಿನ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಎಂಬ ರಾಸಾಯನಿಕ ತುಣುಕು ಅಂಟುವಂತೆ ಮಾಡುತ್ತದೆ. ಆಗ ಕೋಶದ ಆಕಾರ ಹಿಡಿದಿಟ್ಟ ಎಳೆಗಳು ಸಡಿಲವಾಗುತ್ತವೆ, ಕೋಶ ಇದ್ದ ಜಾಗ ಬಿಟ್ಟು ಅಲೆಯತೊಡಗುತ್ತದೆ. ಕ್ಯಾನ್ಸರ್ ಹರಡಲು ಇದೂ ಒಂದು ದಾರಿ ಎಂಬುದು ಅವಳ ವಾದ. ಸಾಕ್ಷಿ ಸಿಗದಿದ್ದರೆ ತಿಂಗಳ ಕೊನೆಗೆ ಆ ಕೆಲಸ ನಿಲ್ಲಿಸುವುದಾಗಿ ಪ್ರೊಫೆಸರ್ ಹೇಳಿಯಾಗಿತ್ತು.

ಸಭೆ ಮುಗಿದ ಮೇಲೆ ಅವನು ಪ್ರೊಫೆಸರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

'ನನ್ನ ಕೆಲಸಕ್ಕೇ ಕಣ್ಣು ಹಾಕಿದ್ದಾನೆ...' ಎಂದುಕೊಂಡಳು ಅವಳು.

"ಅಕ್ಕಾ, ಅವನ ಮುಖ ನೋಡಿದ್ರೆ ಮೈಯೆಲ್ಲ ಉರಿಯುತ್ತೆ!" ಮನೆಗೆ ಬಂದವಳೇ ಗೊಣಗಿದಳು.

"ಉರೀಲಿ ಬಿಡು. ಅವನು ಹೇಳಿದ್ದು ನಿಜಾನಾ ಸುಳ್ಳಾ, ಅದನ್ನ ನೋಡಿದ್ಯಾ?" ಅಕ್ಕ ಬಟ್ಟೆ ಮಡಚುತ್ತಲೇ ಕೇಳಿದಳು.

ನೋಡಿರಲಿಲ್ಲ. ಅವನ ಬಾಯಿ ಮುಚ್ಚಿಸಲೆಂದೇ ಮರುದಿನ ನೋಡಿದಳು.

ಪ್ರತಿಕಾಯ ಎಲ್ಲೆಂದರಲ್ಲಿ ಅಂಟದಿರಲೆಂದು ಪರೀಕ್ಷೆಯ ಪಟ್ಟಿಯನ್ನು ಎಂದಿನಂತೆ ಹಾಲಿನ ಪುಡಿ ಕದಡಿದ ದ್ರಾವಣದಲ್ಲಿ ನೆನೆಸಿದಳು. ಈ ಸಲ ಅದರ ಮೇಲೆ ಕೋಶದ ಸಾರವನ್ನೇ ಹಾಕಿರಲಿಲ್ಲ. ಆದರೂ ಪಟ್ಟಿ ಕಪ್ಪಾಯಿತು! ಹಾಲಿನ ಪ್ರೋಟೀನಿನಲ್ಲೂ ಫಾಸ್ಫೇಟ್ ಇರುತ್ತದೆ. ಫಾಸ್ಫೇಟ್ ಹುಡುಕಲು ಅವಳು ಹಾಕಿದ ಪ್ರತಿಕಾಯ ಅದಕ್ಕೇ ಹೋಗಿ ಅಂಟಿ ಕಪ್ಪು ಮೂಡಿಸಿತ್ತು.

ಅವಳು ನೋಟ್‌ಬುಕ್ಕಿನಲ್ಲಿ ಹಳೆಯ ಫಲಿತಾಂಶಕ್ಕೆ ಅಡ್ಡಗೆರೆ ಎಳೆದಳು.

ಅಷ್ಟರಲ್ಲಿ ಪ್ರೊಫೆಸರ್ ಬಂದರು. "ಇನ್ನೊಂದು ತಿಂಗಳು ತಗೋಮ್ಮ. ನಿನ್ನ ವಾದ ಸರಿಯಿದೆ, ಹಾಲಷ್ಟೇ ತಪ್ಪು ಅಂತ ಆ ಹುಡುಗ ನಿನ್ನೆ ಪಟ್ಟು ಹಿಡಿದು ಕೂತಿದ್ದ."

'ಅಯ್ಯೋ... ನಾನು ಏನೆಲ್ಲ ಅಂದುಕೊಂಡೆ!'

ಹಾಲಿನ ಬದಲು ಫಾಸ್ಫೇಟ್ ಇಲ್ಲದ ಬೇರೆ ಪ್ರೋಟೀನು ಬಳಸಿ ಪರೀಕ್ಷೆಯನ್ನು ಮತ್ತೆ ಮಾಡಿದಳು. ವೈರಸ್ಸಿನ ಪ್ರೋಟೀನಿದ್ದ ಕಡೆ ಮಾತ್ರ ಒಂದು ಕಪ್ಪು ಗೆರೆ ಸ್ಪಷ್ಟವಾಗಿ ಮೂಡಿತು. ಅದನ್ನು ಹಿಡಿದು ನೇರ ಅವನ ಕೋಣೆಗೆ ಹೋದಳು. ಇಬ್ಬರೂ ಅವಳ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ವೈರಸ್ಸಿನ ಪ್ರೋಟೀನಿದ್ದಲ್ಲಿ ಎಳೆಗಳು ಚದುರಿದ್ದವು. ಫಾಸ್ಫೇಟ್ ಅಂಟಲಾಗದಂತೆ ಆ ಜಾಗವನ್ನು ಅವಳು ಬದಲಿಸಿದ್ದ ಕೋಶಗಳಲ್ಲಿ, ವೈರಸ್ಸಿನ ಅದೇ ಪ್ರೋಟೀನಿದ್ದರೂ, ಎಳೆಗಳು ನೆಟ್ಟಗೆ ನಿಂತಿದ್ದವು.

"ಗೆದ್ರಿ!" ಎಂದವನು ತಲೆ ತಗ್ಗಿಸಿದ. "ಅವತ್ತು ಎಲ್ಲರೆದುರು ಹಾಗೆ ಹೇಳಬಾರದಿತ್ತು. ಕ್ಷಮಿಸಿ."

"ಎಲ್ಲರೆದುರು ಮಾನ ಕಳೆಯೋದು, ಬಾಗಿಲು ಹಾಕ್ಕೊಂಡು ಹೊಗಳೋದು... ಇದ್ಯಾವ ನ್ಯಾಯ ರೀ?"

"ನಿಮ್ಮೆದುರು ಹೊಗಳೋಕೆ ಧೈರ್ಯ ಬೇಕಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳ ಕಣ್ಣು ತುಂಬಿತು. ಅವನ ಮೇಲಿದ್ದ ಸಿಟ್ಟು ಯಾವಾಗ ಪ್ರೀತಿಯಾಯಿತೋ ಅವಳಿಗೇ ತಿಳಿಯಲಿಲ್ಲ.

"ನಂಗೂ..." ಎಂದಳು ಮೆಲ್ಲಗೆ.

"ಹಾಗಾದ್ರೆ ಕಾಫಿಗೆ ಬರ್ತೀರಾ?"

"ಬರ್ತೀನಿ. ಹಾಲು ಹಾಕ್ಸಿದ್ರೆ ಎದ್ದು ಹೋಗ್ತೀನಿ ಅಷ್ಟೇ!"

"ಈ ಜನ್ಮದಲ್ಲಿ ಹಾಕ್ಸಲ್ಲ. ಬನ್ನಿ."