ಅಡ್ಡ ನಿಂತ ಹಿಡಿಕೆಗಳು

೧೯೭೮ರ ಜನವರಿ ೧೭, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಇಚಲಕರಂಜಿಯಲ್ಲಿ ತಾತ್ಯಾಸಾಹೇಬರ ಮನೆಯ ಮೆಟ್ಟಿಲ ಮೇಲೆ ಮುಕ್ತಾಬಾಯಿ ಕೂತಿದ್ದಳು. ತಾತ್ಯಾಸಾಹೇಬರು ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು; ಪೊಲೀಸರಿಗೆ ಬಗೆಹರಿಯದ್ದು ಹಲವು ಸಲ ಅವರ ಬಾಗಿಲಿಗೆ ಬರುತ್ತಿತ್ತು. ನಾನು ಅವರ ಪ್ರಯೋಗಾಲಯದ ಹಳೆಯ ಸಹಾಯಕ.

"ಸಾಹೇಬ್ರ, ನನ್ನ ಮಗಾ ಕೃಷ್ಣಾತ ಕೊಲಿ ಮಾಡ್ಯಾನಂತ. ನಾಳೆ ಕೋರ್ಟಿಗೆ ಒಯ್ತಾರಂತ್ರಿ."

ಶನಿವಾರ ಕಬನೂರಿನಲ್ಲಿ ನೂಲಿಗೆ ಗಂಜಿ ಹಾಕುವ ಒಂದು ಸೈಜಿಂಗ್ ಕಾರ್ಖಾನೆಯಲ್ಲಿ ನೀರಿಲ್ಲದೆ ಕಾದ ಬಾಯ್ಲರ್ ಒಡೆದು, ಬೆಂಕಿ ನೋಡುತ್ತಿದ್ದ ಸಖಾರಾಮ ಸತ್ತಿದ್ದ. ಅಂದು ಮೊದಲ ಸಲ ಬಾಯ್ಲರ್ ಕೃಷ್ಣಾತನ ಕೈಗೆ ಬಂದಿತ್ತು. ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಗೆ ಬಾಯ್ಲರಿನ ನೀರು ಬಿಡುವ ಎರಡೂ ಕಾಕುಗಳು, ಅಂದರೆ ಹಿಡಿಕೆಯ ನಲ್ಲಿಗಳು, ಮುಚ್ಚಿದ್ದವು. ಹಿಂದಿನ ದಿನ ಇಬ್ಬರಿಗೂ ಜಗಳವಾಗಿತ್ತು.

ಠಾಣೆಯಲ್ಲಿ ಕೃಷ್ಣಾತ ಒಂದೇ ಮಾತು ಹೇಳಿದ. "ಪಾಳಿ ಹಿಡಿದ ಕೂಡ್ಲೇ ಎರಡೂ ಕಾಕ್ ನಾನ ತೆರೆದೇನ್ರಿ. ಗಾಜಿನ್ಯಾಗ ನೀರು ಅರ್ಧ ಇತ್ತು. ಕಡೀತನಕ ಅರ್ಧನ ಇತ್ತು."

ಹೊರಗೆ ಬಂದಾಗ ತಾತ್ಯಾಸಾಹೇಬರು ಕೇಳಿದರು, "ತಪ್ಪ ಮಾಡಿದಾಂವ 'ಮುಟ್ಟಿಲ್ಲ' ಅಂತಾನ. ಇಂವ ಯಾಕ 'ತೆರೆದೆ' ಅಂತಾನ?"

ಕಾರ್ಖಾನೆಯ ತರಬೇತಿ ಕೋಣೆಯಲ್ಲಿ ಒಂದು ದೊಡ್ಡ ಹಲಗೆಯಿತ್ತು: ಬಣ್ಣ ಬಳಿದ ಬಾಯ್ಲರ್, ಕಾಕುಗಳ ಜಾಗದಲ್ಲಿ ತಿರುಗಿಸಲು ಮರದ ಹಿಡಿಕೆಗಳು, ಸರಿ ಮಾಡಿದರೆ ಬಾರಿಸುವ ಗಂಟೆ. ಶಿಕ್ಷಕ ಪದ್ಮಕುಮಾರರು ಮಾಡಿಸಿದ ಆಟ. ಹುಡುಗರು ರೊಟ್ಟಿ ಬಿಟ್ಟು ಆಡುತ್ತಿದ್ದರಂತೆ. ಗೋಡೆಯ ಪಟ್ಟಿಯಲ್ಲಿ ಕೃಷ್ಣಾತನ ಹೆಸರು ಮೊದಲು: ಎಂಟು ಸೆಕೆಂಡು.

ಹಲಗೆಯ ಹಿಡಿಕೆಗಳು ಕೆಳಗೆ ಜೋತಿದ್ದವು. ಆದರೆ ಪ್ರತಿ ಹಿಡಿಕೆಯ ಬದಿಗೆ, ಅಡ್ಡಲಾಗಿ, ಕೈಜಿಡ್ಡು ತಾಗದ ಬಿಳಿ ಪಟ್ಟಿಯೊಂದು ಉಳಿದಿತ್ತು. ಎರಡು ಸ್ಕ್ರೂಗಳು ಹೊಸವು.

ಮರುದಿನ ಬೆಳಿಗ್ಗೆ, ಕೋರ್ಟಿಗೆ ಹೋಗುವ ದಾರಿಯಲ್ಲಿ, ಠಾಣೆಯ ಫೌಜದಾರರು ಕೃಷ್ಣಾತನನ್ನು ಆ ಕೋಣೆಗೆ ಕರೆತಂದರು. ಮುಕ್ತಾಬಾಯಿ ಬಾಗಿಲ ಬಳಿ ನಿಂತಳು; ಪದ್ಮಕುಮಾರರೂ ಒಳಗಿದ್ದರು. ತಾತ್ಯಾಸಾಹೇಬರು ಮೂವರು ಕಲಿಯುವವರ ಕಣ್ಣು ಕಟ್ಟಿ ಒಬ್ಬೊಬ್ಬರನ್ನೇ ಹಲಗೆಯ ಮುಂದೆ ನಿಲ್ಲಿಸಿದರು. "ಕಾಕ್ ತೆರಿ."

ಮೂವರ ಕೈಯೂ ಹಿಡಿಕೆಯನ್ನು ಅಡ್ಡ ತಿರುಗಿಸಿತು. ಕೊನೆಗೆ ಮುದುಕ ಧೊಂಡಿಬಾನ ಸರದಿ. ಇಪ್ಪತ್ತು ವರ್ಷ ಬಾಯ್ಲರ್ ನೋಡಿದವನು.

"ನಾ ಈ ಗಂಟಿ ಆಟ ಆಡಿದಾಂವಲ್ಲರೀ," ಎಂದು ಗೊಣಗಿ ಹಿಡಿಕೆಯನ್ನು ಕೆಳಗೆ ಇಳಿಬಿಟ್ಟ.

"ಇವನದ ಖರೆ," ಎಂದರು ತಾತ್ಯಾಸಾಹೇಬರು. "ಮನಿ ನಳದ ಹಿಡಿಕಿ ಪೈಪಿನ ಗುಂಟ ಇದ್ರ ತೆರೆದಂಗ. ಈ ಕಾಕಿನ ಪೈಪು ಅಡ್ಡ ಇದ್ರೂ ಲೆಕ್ಕ ಉಲ್ಟಾ; ಹಿಡಿಕಿ ಜೋತಿದ್ರ ತೆರೆದಂಗ. ಅಡ್ಡ ತಿರುವಿದ್ರ ಗಾಜಿನ್ಯಾಗ ಇದ್ದ ನೀರು ಅಲ್ಲೇ ಸಿಕ್ಕೊಂಡು ನಿಂದರತೈತಿ. ಬಾಯ್ಲರ್ ಖಾಲಿ ಆದ್ರೂ ಅರ್ಧನ ತೋರಸತೈತಿ. ಕೃಷ್ಣಾತ ಸುಳ್ಳು ಹೇಳಿಲ್ಲ. ತೆರೆಯಾಕತ್ತೇನಿ ಅಂತ ತಿಳದ ಮುಚ್ಚಿದ. ಈ ಹಲಗಿ, ಹಿಡಿಕಿ ಅಡ್ಡ ಆದಾಗ ಗಂಟಿ ಬಾರಸತಿತ್ತು. ಆ ಬಿಳಿ ಪಟ್ಟಿ ಹಿಡಿಕಿ ಮೊದಲ ಕುಂತ ಜಾಗಾ. ಅಪಘಾತದ ಮ್ಯಾಲೆ ಯಾರೋ ಅದನ್ನ ತಿರುವಿ ಕೂಡಿಸ್ಯಾರ. ಪದ್ಮಕುಮಾರ, ಈ ಹೊಸಾ ಸ್ಕ್ರೂ ಯಾವಾಗ ಹಾಕಿದ್ರಿ?"

ಪದ್ಮಕುಮಾರರು ಬೆಂಚಿನ ಮೇಲೆ ಕೂತರು. "ಶನಿವಾರ ಸಂಜಿಗೆರಿ. ಪುಸ್ತಕ ನೋಡಿ ಹಲಗಿ ಮಾಡಿಸಿದೆ. ಬಾಯ್ಲರ್ ಮುಂದ ಎಂದೂ ನಿಂತಾಂವಲ್ಲ. ಒಡದ ಮ್ಯಾಲ ಹೋಗಿ ನೋಡಿದೆ, ತಿಳೀತು. ಬಾಯಿ ಬಿಡಾಕ ಧೈರ್ಯ ಆಗಲಿಲ್ಲ."

"ಒಬ್ಬನ್ನ ಜೇಲಿಗೆ ಕಳಸಾಕ ಧೈರ್ಯ ಆತು," ಎಂದ ಧೊಂಡಿಬಾ.

ಫೌಜದಾರರು ಬೇಡಿ ಬಿಚ್ಚಿದರು. ಮುಕ್ತಾಬಾಯಿ ಮಗನ ತೋಳು ಹಿಡಿದಳು. ಅವನು ತನ್ನ ಬಲಗೈಯನ್ನೇ ನೋಡುತ್ತಿದ್ದ.

"ಸಾಹೇಬ್ರ, ಆದ್ರೂ ತಿರುವಿದ್ದು ಈ ಕೈನ ಅಲ್ಲೇನ್ರಿ?"

ತಾತ್ಯಾಸಾಹೇಬರು ಕನ್ನಡಕ ತೆಗೆದು ಒರೆಸಿದರು.

ವರದಿಗೆ ಬೇಕೆಂದು ನಾನು ಕೋನಮಾಪಕವಿಟ್ಟು ಬಿಳಿ ಪಟ್ಟಿಗೂ ಜೋತ ಹಿಡಿಕೆಗೂ ನಡುವಿನ ಅಂತರ ಅಳೆದೆ. ತೊಂಬತ್ತು ಡಿಗ್ರಿ.