ಅವ್ವನ್ನ ಕರೀರಿ

ಕರೆಂಟು ಹೋದಾಗ ನಾನು ಗಂಗಕ್ಕನಾದೆ.

ಅದು ನನ್ನ ಹಳೆಯ ಚಟ. ರಾಯದುರ್ಗದ ಆ ಜೀನ್ಸ್ ಶೆಡ್ಡಿನಲ್ಲಿ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಗುತ್ತಿತ್ತು. ಮೂವತ್ತು ಮಿಷನ್ನುಗಳು ಒಮ್ಮೆಲೇ ನಿಂತು, ಕಿವಿಯೊಳಗೆ ಬರೀ ಗುಂಯ್ ಎನ್ನುವುದು ಉಳಿದಾಗ ಹುಡುಗಿಯರು, "ಶಿವೀ, ಒಂದು ದನಿ ಬಿಡೇ" ಎನ್ನುತ್ತಿದ್ದರು. ನಾನು ಮೇಸ್ತ್ರಿ ಯರ್ರಪ್ಪನಾಗಿ ಕೆಮ್ಮುತ್ತಿದ್ದೆ. ನಮ್ಮ ಕಾಲೇಜಿನ ಎಕನಾಮಿಕ್ಸ್ ಸಾರ್ ಆಗಿ ಮೂಗಿನಲ್ಲೇ ಡಿಮ್ಯಾಂಡು ಏರಿಸಿ ಸಪ್ಲೈ ಇಳಿಸುತ್ತಿದ್ದೆ. ಆ ದಿನ ಯಾಕೋ ಬಾಯಿಗೆ ಬಂದದ್ದು ಗಂಗಕ್ಕ.

"ಯವ್ವಾ, ಪಾಕೆಟ್ ಸೊಟ್ಟ ಹಚ್ಚೀಯಲ್ಲ! ಯಾರ ಸೊಂಟ ಹಂಗ ಐತಿ ಹೇಳು, ಹೋಗಿ ನೋಡ್ಕಂಡು ಬರ್ತೀನಿ!"

ಯಾರೂ ನಗಲಿಲ್ಲ. ಗಂಗಕ್ಕ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ನಾನು ಕೂತಿದ್ದದ್ದು ಅವಳದೇ ಮಿಷನ್ನಿನ ಮುಂದೆ. ಆದರೆ ಹುಡುಗಿಯರು ನೋಡುತ್ತಿದ್ದದ್ದು ನನ್ನನ್ನಲ್ಲ, ಬಾಗಿಲನ್ನು.

ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಒಬ್ಬ ನಿಂತಿದ್ದ. ಕೈಯಲ್ಲಿ ಖಾಲಿ ಚೀಲ. ತಾಯಿಯ ಕತ್ತರಿ, ಕನ್ನಡಕ, ಕೂರುವ ದಿಂಬು ಒಯ್ಯಲು ಬಂದ ಮಗ.

ಭೂಮಿ ಬಾಯಿ ಬಿಡಲಿ ಎಂದು ಕಾದೆ. ಬಿಡಲಿಲ್ಲ. ಅವನು ಸೀದಾ ನನ್ನ ಮಿಷನ್ನಿನ ಹತ್ತಿರ ಬಂದ. ಕೆನ್ನೆಗೆ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ.

"ಇನ್ನೊಂದ್ಸಲ ಅನ್ರಿ," ಎಂದ.

ಕಣ್ಣು ಬಿಟ್ಟೆ. ರೆಪ್ಪೆ ಬಡಿಯದೆ ನನ್ನ ಬಾಯಿಯನ್ನೇ ನೋಡುತ್ತಿದ್ದ. ಹಾಗೆ ಯಾವ ಗಂಡಸೂ ನನ್ನನ್ನು ನೋಡಿರಲಿಲ್ಲ. ಅವನು ನೋಡುತ್ತಿದ್ದದ್ದು ನನ್ನನ್ನಲ್ಲ ಎಂದು ಗೊತ್ತಿದ್ದೂ ಸೆರಗು ಸರಿಮಾಡಿಕೊಂಡೆ.

*

ಅವನ ಹೆಸರು ಉಚ್ಚಂಗೆಪ್ಪ. ವಯಸ್ಸು ಇಪ್ಪತ್ತೆರಡು, ಹೆಸರಿಗೆ ಮಾತ್ರ ಅರವತ್ತು. ಉಚ್ಚಂಗೆಮ್ಮನಿಗೆ ಹರಕೆ ಹೊತ್ತು ಹೆತ್ತ ಮಗ ಎಂದು ಗಂಗಕ್ಕನೇ ನನಗೆ ಹೇಳಿದ್ದಳು. ದಿನಾ ಕಾಲೇಜು ಬಿಟ್ಟ ಮೇಲೆ ಬಂದು ಹೊಲಿಯುತ್ತಿದ್ದ ಎರಡು ವರ್ಷ ನಾನು ಅವಳ ಪಕ್ಕದ ಮಿಷನ್ನಿನವಳು. ಅನಂತಪುರದಲ್ಲಿ ಡಿಗ್ರಿ ಓದುತ್ತಿದ್ದ ಈ ಮಗನ ವಿಷಯ ಕೇಳಿ ಕೇಳಿ, ಅವನ ಹಲ್ಲು ಯಾವ ವಯಸ್ಸಿಗೆ ಬಿತ್ತು ಎಂಬುದೂ ನನಗೆ ಬಾಯಿಪಾಠ.

ಅವಳಿಗೆ ಬಂದದ್ದು ಮೂರು ದಿನದ ಜ್ವರ. ಮಗನಿಗೆ ಕಡೆಯ ಪರೀಕ್ಷೆ ನಡೆದಿತ್ತು. "ಮುಗಿಸಿ ಬರಲಿ, ಫೋನ್ ಮಾಡಬ್ಯಾಡ್ರಿ" ಎಂದಳಂತೆ. ಅವನು ಮುಗಿಸಿ ಬಂದ. ಅಷ್ಟರಲ್ಲಿ ಇವಳೂ ಮುಗಿಸಿದ್ದಳು.

ನನಗೂ ಅವನಿಗೂ ಇದ್ದ ನಂಟು ಒಂದೇ: ಕಾಯುವುದು. ಇಬ್ಬರೂ ಎಕನಾಮಿಕ್ಸ್ ಎಂಟ್ರೆನ್ಸ್ ಬರೆದಿದ್ದೆವು. ನಾನು ಹೈದರಾಬಾದಿನ ಎಂ.ಎ.ಗೆ ಮಾತ್ರ. ಅವನು ಅದಕ್ಕೂ ಪುಣೆಯ ಎಂ.ಎಸ್ಸಿ.ಗೂ. ಹೈದರಾಬಾದಿನದು ಕೂಲಿ, ವಲಸೆ, ಹೆಂಗಸರ ದುಡಿಮೆ ಎಂದು ಮನುಷ್ಯರಿರುವ ಎಕನಾಮಿಕ್ಸ್. ಪುಣೆಯದರಲ್ಲಿ ಮನುಷ್ಯರ ಜಾಗದಲ್ಲೆಲ್ಲ ಗ್ರೀಕ್ ಅಕ್ಷರ.

"ನಿಮಗೆ ಯಾವುದು ಇಷ್ಟ?" ಎಂದು ಒಮ್ಮೆ ಕೇಳಿದ್ದೆ.

"ಅವ್ವನಂಥವರ ಬಗ್ಗೆ ಓದಬೇಕು ಅನ್ನಿಸ್ತೈತ್ರಿ. ಆದ್ರ ಗಣಿತ ಬಿಟ್ರ ನನಗ ಉಸಿರಾ ಆಡಂಗಿಲ್ಲ."

ಆ ಕರೆಂಟು ಹೋದ ದಿನದಿಂದ ಅವನು ದಿನಾ ಬರತೊಡಗಿದ. ಸಂಜೆ ಐದಕ್ಕೆ ಶೆಡ್ಡಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಅವನ ಫೋನಿನಲ್ಲಿ ಮೇಲ್ ನೋಡುತ್ತಿದ್ದೆವು. ನಾನು ವೇಟಿಂಗ್ ಲಿಸ್ಟ್ ಮೂವತ್ತೊಂದು. ಅವನು ಒಂದರಲ್ಲಿ ಹನ್ನೆರಡು, ಇನ್ನೊಂದರಲ್ಲಿ ಒಂಬತ್ತು. ರಿಫ್ರೆಶ್ ಮಾಡುವಾಗ ಅವನ ಹೆಬ್ಬೆರಳು ಸ್ಕ್ರೀನಿನ ಮೇಲೆ, ನನ್ನ ಕಣ್ಣು ಹೆಬ್ಬೆರಳಿನ ಮೇಲೆ. ಉಗುರಿನ ಪಕ್ಕದಲ್ಲಿ ಒಂದು ಸಣ್ಣ ಮಚ್ಚೆ ಇತ್ತು. ಅದಕ್ಕೂ ವೇಟಿಂಗ್ ಲಿಸ್ಟ್ ಇದ್ದಿದ್ದರೆ ನಾನೇ ಒಂದನೆಯವಳು.

ಮೇಲ್ ಇಲ್ಲ ಎಂದು ಗೊತ್ತಾದ ಮೇಲೆ ಫೋನು ಜೇಬಿಗಿಟ್ಟು, ದಿನವೂ ಅದೇ ಮಾತು.

"ಅವ್ವನ್ನ ಕರೀರಿ."

ನಾನು ಗಂಟಲು ಸ್ವಲ್ಪ ಕೆಳಗಿಳಿಸಿ ಕರೆಯುತ್ತಿದ್ದೆ.

"ಉಂಡಿಯೇನಪ್ಪಾ? ಮಾರಿ ಯಾಕ ಹಿಂಗಾಗೈತಿ?"

"ಉಂಡೀನವ್ವ. ನಿನ್ನ ಬೆನ್ನುನೋವು ಹೆಂಗೈತಿ?"

"ಇಲ್ಲಿ ಮಿಷನ್ನಾ ಇಲ್ಲ. ಬೆನ್ನು ಯಾಕ ನೋಯ್ತೈತಿ?"

ಅವನು ತಲೆ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ. ಒಂದು ದಿನ ಹಾಗೆ ತಿರುಗಿಸಿಕೊಂಡೇ ಕೇಳಿದ: "ಅವ್ವಾ, ನಿನ್ನ ಮಿಷನ್ನಿನ ಮ್ಯಾಲ ಈಗ ಒಬ್ಬಾಕಿ ಕುಂದರ್ತಾಳಲ್ಲ, ಆ ಮಡಕಶಿರಾ ಕಡಿ ಹುಡುಗಿ... ಹೆಂಗದಾಳ?"

ನನ್ನ ಕಿವಿ ಕೆಂಪಾದವು. ಗಂಗಕ್ಕ ಮಾತ್ರ ಬಿಡಲಿಲ್ಲ.

"ಮೂಗು ಉದ್ದ ಐತಪ್ಪಾ."

"ಬಾಯಿ?"

"ಅದು ಇನ್ನೂ ಉದ್ದ."

"ನನಗ ಹಿಡಿಸ್ಯಾಳ ಅಂದ್ರ?"

ಗಂಗಕ್ಕನಿಗೆ ಉತ್ತರ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಅವನು ಕೇಳಿದ್ದು ನನ್ನನ್ನಲ್ಲ. ಅವನು ತುಟಿಯ ಒಂದೇ ಬದಿಯಲ್ಲಿ ನಸುನಕ್ಕ. ಅದಕ್ಕಿಂತ ದೊಡ್ಡ ನಗು ಅವನಲ್ಲಿ ನಾನು ಕಂಡಿರಲಿಲ್ಲ. ಎದ್ದು ಪ್ಯಾಂಟಿನ ದೂಳು ಕೊಡವಿ, "ನಾಳಿ ಬರ್ತೀನವ್ವ" ಎಂದು ಹೊರಟ.

ಅವ್ವ ಎಂದ. ಶಿವಲಕ್ಷ್ಮಿ ಎನ್ನಲಿಲ್ಲ.

*

ಗಂಗಕ್ಕ ಮೊದಲು ಕರೆದರೆ ಬರುತ್ತಿದ್ದಳು. ಆಮೇಲೆ ಕರೆಯದೆಯೂ ಬರತೊಡಗಿದಳು.

ಮನೆಯಲ್ಲಿ ಮುದ್ದೆ ತಿರುವುತ್ತಿದ್ದ ನನ್ನಮ್ಮ ಚಿತ್ತಮ್ಮ, "ಆ ಚೊಂಬು ಕೊಡೆ" ಎಂದರೆ ನಾನು, "ತಡಿಯವ್ವ, ಕೊಡ್ತೀನಿ, ಕೈ ಖಾಲಿ ಇಲ್ಲ" ಎಂದುಬಿಡುತ್ತಿದ್ದೆ. ನಾವು ಮಡಕಶಿರಾ ಹತ್ತಿರದ ರೊಳ್ಳದ ಕಡೆಯಿಂದ ಹಿಪ್ಪುನೇರಳೆ ತೋಟ ಬಿಟ್ಟು ಹೊಲಿಗೆಗೆಂದು ಬಂದವರು. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ನಾನು ಆಕಳಿಸಿದೆ. ಆಕಳಿಕೆಯೂ ಗಂಗಕ್ಕನದೇ ಆಗಿತ್ತು, ಕೊನೆಯಲ್ಲಿ "ಉಚ್ಚಂಗೆಮ್ಮಾ" ಎಂಬ ನಿಟ್ಟುಸಿರಿನ ಸಮೇತ.

ಅಮ್ಮ ಮುದ್ದೆ ಕೋಲು ಕೆಳಗಿಟ್ಟಳು.

"ಯಾರದೇ ಅದು, ನಿನ್ನ ಬಾಯಾಗೆ?"

"ಮಿಮಿಕ್ರಿ ಕಣಮ್ಮ."

"ಮಿಮಿಕ್ರಿ ಮಾಡೋರು ಬೇಕಾದಾಗ ನಿಲ್ಲುಸ್ತಾರೆ. ನೀನು ನಿಲ್ಲುಸು ನೋಡಾನ." ನನ್ನ ಮುಖವನ್ನೇ ನೋಡಿದಳು. "ಎಂಎನೋ ಎಮ್ಮೆನೋ, ಅದು ಬಂದಾಗ ಬರ್ಲಿ. ಮೊದ್ಲು ನಿಮ್ಮಜ್ಜಿ ಮನೆಗೆ ನಡಿ."

ಹೀಗೆ ರೊಳ್ಳದ ಪಕ್ಕದ ರತ್ನಗಿರಿಗೆ, ಅಜ್ಜಿಯ ಊರಿಗೆ ಬಂದೆ. ಅಜ್ಜಿ ಕದಿರಮ್ಮ ತೋಳಿಗೆ ತಾಯತ ಕಟ್ಟಿ ಹುಳುಮನೆಯ ಕೆಲಸಕ್ಕೆ ಹಚ್ಚಿದಳು. ಸಾವಿರಾರು ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದು ಯಾರೋ ಪಕ್ಕದ ಕೋಣೆಯಲ್ಲಿ ಕೂತು ಪಿಸುಗುಟ್ಟಿದ ಹಾಗಿರುತ್ತದೆ. ಕಿವಿಗೊಟ್ಟರೆ ಅದರೊಳಗೂ "ಉಂಡಿಯೇನಪ್ಪಾ" ಎಂದು ಕೇಳುತ್ತಿತ್ತು. ನನಗೆ ಹೆದರಿಕೆಯಾದದ್ದು ಗಂಗಕ್ಕನಿಗಲ್ಲ. ಗಂಗಕ್ಕ ಹೋದರೆ ಅವನೂ ಬರುವುದಿಲ್ಲವಲ್ಲ ಎಂದು.

ಊರಿನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಬೆಟ್ಟದ ಕೋಟೆಯ ಮೇಲೆ ಮಾತ್ರ. ಮಂಗಳವಾರ ಹತ್ತಿ ಹೋದಾಗ ಫೋನು ಕೈಯಲ್ಲೇ ನಡುಗಿತು. ಹೈದರಾಬಾದ್, ಎಂ.ಎ. ಎಕನಾಮಿಕ್ಸ್. ಶುಕ್ರವಾರ ಐದರೊಳಗೆ ಒಪ್ಪಿಗೆ ಕೊಡಬೇಕು. ಒಬ್ಬಳೇ ಕೂಗಿದೆ. ಹಾಳು ಗೋಡೆಗಳು ತಿರುಗಿ ಕೂಗಿದವು. ಕೂಗಿದ್ದು ಯಾರ ದನಿ ಎಂದು ಮಾತ್ರ ಗೋಡೆಗಳನ್ನು ಕೇಳಲಿಲ್ಲ.

ಅವನಿಗೆ ಮೆಸೇಜ್ ಹಾಕಿದೆ. ಮರುದಿನ ಅವನೇ ಬಂದ.

*

ಕಲ್ಯಾಣದುರ್ಗ, ಮಡಕಶಿರಾ, ರೊಳ್ಳ ಎಂದು ಮೂರು ಬಸ್ಸು ಬದಲಿಸಿ, ಆಮೇಲೆ ಷೇರ್ ಆಟೋದ ತುದಿಯಲ್ಲಿ ನೇತಾಡಿ ಬಂದಿದ್ದ. ಕೂದಲ ತುಂಬ ಕೆಂಪು ದೂಳು. ಕೋಟೆಯ ಮೆಟ್ಟಿಲು ಹತ್ತಿ ಬಂದವನು ಉಸಿರು ಬಿಡದೆ ಹೇಳಿದ: "ಎರಡೂ ಬಂದಾವ್ರಿ."

"ಅಯ್ಯೋ! ಹೈದರಾಬಾದೂ?"

"ಪುಣೆನೂ. ಶುಕ್ರವಾರದೊಳಗ ಒಂದಕ್ಕ ಹೂಂ ಅನ್ಬೇಕು."

"ಯಾವುದಕ್ಕೆ ಅಂತೀರ?"

ಅವನು ನನ್ನ ಎದುರಿನ ಕಲ್ಲಿನ ಮೇಲೆ ಕೂತ. ಪರೀಕ್ಷೆಗೆ ಕೂತವನ ಹಾಗೆ ಕೈ ಮಂಡಿಯ ಮೇಲಿತ್ತು.

"ಅವ್ವನ್ನ ಕರೀರಿ. ಅಕಿನ್ನ ಕೇಳ್ತೀನಿ."

ಒಂದೇ ಮಾತು ಸಾಕಿತ್ತು. ಹೈದರಾಬಾದಿಗೆ ಹೋಗಪ್ಪಾ. ಆ ಕೊನೆಯ ದೀರ್ಘವನ್ನು ಗಂಗಕ್ಕ ಹೇಗೆ ಎಳೆಯುತ್ತಿದ್ದಳು ಎಂದು ನನಗಿಂತ ಚೆನ್ನಾಗಿ ಬಲ್ಲವರು ಈ ಭೂಮಿಯ ಮೇಲಿರಲಿಲ್ಲ. ಎರಡು ವರ್ಷ ಒಂದೇ ಕ್ಲಾಸು, ಒಂದೇ ಲೈಬ್ರರಿ, ಒಂದೇ ಮೆಸ್ಸಿನ ಸಾಲು. ಉಸಿರು ಎಳೆದುಕೊಂಡೆ. ಗಂಟಲಲ್ಲಿ ಗಂಗಕ್ಕ ಎದ್ದು ಕೂತಳು.

ಆಗ ನೆನಪಾಯಿತು. ಬದುಕಿದ್ದಾಗ ಸೂಜಿಗೆ ದಾರ ಪೋಣಿಸುತ್ತ ಅವಳು ನಿಜವಾಗಿ ಆಡಿದ್ದ ಮಾತು: "ನನ್ನ ಮಗ ನಾ ಏನಂದ್ರೂ ಹೂಂ ಅಂತಾನ ಶಿವೀ. ಬಾವ್ಯಾಗ ಬೀಳು ಅಂದ್ರ, ಎಷ್ಟು ಆಳ ಐತಿ ಅಂತ ಕೇಳಿ ಬೀಳ್ತಾನ. ನನಗ ಅದಾ ಅಂಜಿಕಿ."

"ಇಲ್ಲ," ಎಂದೆ.

"ಯಾಕ?"

"ಅವರಿಲ್ಲ ಕಣ್ರೀ."

"ದಿನಾ ಬರ್ತಾಳಲ್ಲ. ಬೆನ್ನುನೋವು ಹೋತು ಅಂತ ಅಕೀನಾ ಹೇಳಿದ್ಲು."

"ಅದು ನಾನು ಹೇಳಿದ್ದು. ಎಲ್ಲಾ ನಾನೇ ಕಟ್ಟಿದ್ದು. ನಂಗೆ ಅವರ ಬೈಗುಳ ಗೊತ್ತು, ಅಷ್ಟೇ. ಹೋದ ಮೇಲೆ ಅವರ ಬೆನ್ನು ಹೆಂಗೈತೆ ಅಂತ ನಂಗೇನು ಗೊತ್ತು?"

ಅವನ ಮುಖ ನೋಡಿದೆ. ಎರಡನೆಯ ಸಲ ತಾಯಿಯನ್ನು ಕಳೆದುಕೊಂಡವನ ಮುಖ. ಈ ಸಲ ಅವಳನ್ನು ಕಸಿದದ್ದು ನಾನು.

"ಒಂದ್ಸಲ," ಎಂದ. "ಕಡೀ ಸಲ. ಸುಳ್ಳಾದ್ರೂ ಆತು."

"ನನ್ನ ಮಾತಲ್ಲಿ ಹೇಳ್ಲಾ?" ನನ್ನ ಸ್ವಂತ ದನಿ ಎಷ್ಟು ತೆಳ್ಳಗಿತ್ತು ಎಂದರೆ ನನಗೇ ಗುರುತು ಹತ್ತಲಿಲ್ಲ. "ನೀವು ಹೈದರಾಬಾದಿಗೆ ಬರ್ಬೇಕು ಅಂತ ನಂಗಾಸೆ. ನೀವಂದ್ರೆ ನಂಗೆ ಪ್ರಾಣ. ಇದು ಶಿವಲಕ್ಷ್ಮಿ ಹೇಳ್ತಿರೋದು, ಗಂಗಕ್ಕ ಅಲ್ಲ. ಅವರ ಮಾತು ಅಂದ್ಕೊಂಡು ಹೂಂ ಅನ್ಬೇಡಿ. ಬೇಡ ಅನ್ನಿಸಿದ್ರೆ ಬೇಡ ಅನ್ನಿ. ಬಾವಿಗೆ ಮಾತ್ರ ಬೀಳ್ಬೇಡಿ."

ಗಾಳಿ ಬೀಸಿತು. ಅವನು ಕೆಳಗಿನ ಕಡ್ಲೆಕಾಯಿ ಹೊಲಗಳನ್ನು ನೋಡಿದ. ನಾನು ಅವನ ಕಿವಿಯ ಹಿಂದಿನ ದೂಳನ್ನು ನೋಡಿದೆ. ಒರೆಸಲು ಕೈ ಎತ್ತಿ, ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ.

"ದಿನಾ ಸಂಜಿ ನಾ ಬರ್ತಿದ್ದದ್ದು ನಿಮಗೋ ಅಕಿಗೋ," ಎಂದ ಕೊನೆಗೆ, "ಖರೇ ಹೇಳ್ತೀನ್ರಿ, ನನಗಾ ಗೊತ್ತಿಲ್ಲ."

ಮೆಟ್ಟಿಲು ಇಳಿದು ಹೋದ. ಅವನು ಇಷ್ಟು ಚಿಕ್ಕವನಾಗಿ, ಆಮೇಲೆ ಕಾಣದಾಗುವವರೆಗೂ ನಾನು ಯಾರ ದನಿಯಲ್ಲೂ ಕೂಗಲಿಲ್ಲ.

*

ಶುಕ್ರವಾರ ಮಡಕಶಿರಾದ ನೆಟ್ ಸೆಂಟರಿನಲ್ಲಿ ನನ್ನ ಸೀಟಿಗೆ ಒಪ್ಪಿಗೆ ಕೊಟ್ಟೆ. ಐದಕ್ಕೆ ಐದು ನಿಮಿಷವಿತ್ತು. ಐದು ದಾಟಿ ಹತ್ತು ನಿಮಿಷವಾಯಿತು. ಫೋನು ಬಂತು.

"ಪುಣೆ ಅಂದೀನ್ರಿ."

ಪ್ರಿಂಟರು ಕರಕರ ಎನ್ನುತ್ತಿತ್ತು. "ಒಳ್ಳೇದಾಯ್ತು" ಎಂದೆ. ಆ ಮಾತು ಬರುವಷ್ಟರಲ್ಲಿ ಎರಡು ಪುಟ ಪ್ರಿಂಟಾದವು.

"ಗಣಿತ ಅಂತ ಅಷ್ಟಾ ಅಲ್ಲ. ಹೈದರಾಬಾದಿಗೆ ಬಂದ್ರ ದಿನಾ ಸಂಜಿ ಅಕಿನ್ನ ಕರೀರಿ ಅಂತೀನಿ. ನೀವು ಇಲ್ಲ ಅಂತೀರಿ, ಒಂದಿನ ಪಾಪ ಅನ್ನಿಸಿ ಕರೀತೀರಿ. ಆಮ್ಯಾಲ ನಾವಿಬ್ರೂ ಇರಂಗಿಲ್ಲ, ಅಕಿ ಒಬ್ಬಾಕಿನಾ ಇರ್ತಾಳ. ದೂರ ಇದ್ದು ನಿಮ್ಮನ್ನ ಕೇಳಾಕ ಕಲೀತೀನ್ರಿ. ಬರೇ ನಿಮ್ಮನ್ನ. ಎಷ್ಟು ದಿನ ಹಿಡೀತೈತೋ. ಕಾಯ್ತೀರೇನು?"

ಕಾಯುವುದರಲ್ಲಿ ನನಗೆ ಆಗಲೇ ಡಿಗ್ರಿ ಸಿಕ್ಕಿತ್ತು. ಹಾಗೆಂದು ಹೇಳಲು ಹೋದೆ. ಅಳು ಬಂತು.

*

ಹೈದರಾಬಾದಿನ ಹಾಸ್ಟೆಲ್ಲಿನಲ್ಲಿ ನಾನು ಬೇಗ ಹೆಸರು ಮಾಡಿದೆ. ವಾರ್ಡನ್ ಆದೆ, ಮೈಕ್ರೋ ಪ್ರೊಫೆಸರ್ ಆದೆ, ಕ್ಯಾಂಟೀನಿನ ಬೆಕ್ಕೂ ಆದೆ. ಗಂಗಕ್ಕನನ್ನು ಮಾತ್ರ ಮುಟ್ಟಲಿಲ್ಲ. ಅವನು ಭಾನುವಾರ ಫೋನು ಮಾಡುತ್ತಿದ್ದ. ಪಾಠದ ವಿಷಯ, ಪುಣೆಯ ಮಳೆ, ಮತ್ತೆ ಪಾಠದ ವಿಷಯ. ಅವ್ವನ್ನ ಕರೀರಿ ಎಂದು ಮಾತ್ರ ಕೇಳುತ್ತಿರಲಿಲ್ಲ. ಆದರೆ ಪ್ರತಿ ಮಾತಿನ ಕೊನೆಗೂ ಅವನು ಒಂದು ಕ್ಷಣ ನಿಲ್ಲುತ್ತಿದ್ದ. ಆ ಕ್ಷಣದಲ್ಲಿ ಮೂರನೆಯವರೊಬ್ಬರು ಲೈನಿನಲ್ಲಿ ಉಸಿರಾಡುವುದು ನಮ್ಮಿಬ್ಬರಿಗೂ ಕೇಳುತ್ತಿತ್ತು.

ಸೆಪ್ಟೆಂಬರಿನ ಒಂದು ಸಂಜೆ ಟೆರೇಸಿನ ಮೇಲೆ ಬಟ್ಟೆ ತೆಗೆಯುತ್ತಿದ್ದೆ. ತಂತಿಯ ಮೇಲೆ ಯಾರದೋ ಜೀನ್ಸು, ಪಾಕೆಟ್ಟು ಸೊಟ್ಟ. ಸಂಕಟವಾಯಿತು. ಈ ಸಲ ಅವನಿಗಾಗಿ ಅಲ್ಲ, ನನಗಾಗಿಯೇ ಕರೆದೆ.

"ಯವ್ವಾ..."

ಯಾರದೋ ದನಿ ಬಂತು. ರಾಯದುರ್ಗದ ಮಾತನ್ನು ಅರೆಬರೆ ಕಲಿತ ಮಡಕಶಿರಾ ಹುಡುಗಿಯದು. ಗಂಟಲು ಇಳಿಸಿದೆ, ಏರಿಸಿದೆ, ಕಣ್ಣು ಮುಚ್ಚಿಕೊಂಡೆ. ಬರಲಿಲ್ಲ. ಒಗೆದ ಬಟ್ಟೆ ಎದೆಗವಚಿಕೊಂಡು ಅಲ್ಲೇ ಕೂತು ಫೋನು ಹಚ್ಚಿದೆ.

"ಹೋದ್ರು," ಎಂದೆ.

"ಯಾರು?"

"ಎಷ್ಟು ಕರೆದ್ರೂ ಬರ್ತಾ ಇಲ್ಲ."

ಆ ಕಡೆ ಬಸ್ಸಿನ ಹಾರನ್ನು, ಯಾರದೋ ಮರಾಠಿ ಮಾತು. ಆಮೇಲೆ ಅವನು ಅಳುವುದು ಕೇಳಿಸಿತು. ಮಣ್ಣು ಮಾಡುವಾಗಲೂ ಅವನು ಅತ್ತಿರಲಿಲ್ಲವೆಂದು ಶೆಡ್ಡಿನವರು ಆಡಿಕೊಂಡಿದ್ದರು. ನಾನು ಸಮಾಧಾನ ಮಾಡಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ, ಅಷ್ಟೇ.

"ಈಗ ನೀ ಮಾತಾಡು," ಎಂದ ಮೂಗೊರೆಸಿಕೊಂಡು. ಮಾತಿನ ತುದಿಯಲ್ಲಿ 'ರಿ' ಇರಲಿಲ್ಲ.

"ಏನಂತ?"

"ಏನಾರ. ನಿಮ್ಮ ಹಾಸ್ಟೆಲ್ ಸಾಂಬಾರ್ ಹೆಂಗೈತಿ?"

"ಬೇಳೆ ಐತೋ ಇಲ್ವೋ ಅಂತ ಸ್ಯಾಂಪಲ್ ಸರ್ವೆ ಮಾಡ್ತಿದೀವಿ. ಮೂರು ಬಕೆಟ್ಟಿಗೆ ಒಂದು ಸಿಕ್ತು. ಅದನ್ನೂ ಔಟ್‌ಲಯರ್, ಲೆಕ್ಕಕ್ಕೆ ಬರಲ್ಲ ಅಂತ ತೆಗೆದಾಕಿದ್ರು."

ಅವನು ನಕ್ಕ.

ಮೊದಲು ಉಸಿರು ಸಿಕ್ಕಿಕೊಂಡ ಹಾಗೆ ಒಂದು ಸಣ್ಣ ಕೀಚು ದನಿ, ಆಮೇಲೆ ಮೂರು ಮೆಟ್ಟಿಲು ದಡದಡ ಇಳಿದ ಹಾಗೆ ನಗು, ಕೊನೆಗೆ "ಹೋಗಾ" ಎಂಬ ಉದ್ಗಾರ. ನನ್ನ ತೋಳಿನ ಕೂದಲು ನೆಟ್ಟಗಾಯಿತು. ಪೆಡಲಿನಿಂದ ಕಾಲು ತೆಗೆದು, ಸೂಜಿ ಮೇಲೆತ್ತಿ, ಗಂಗಕ್ಕ ನಗುತ್ತಿದ್ದದ್ದು ಹೀಗೆಯೇ. ಎರಡು ವರ್ಷ ಪಕ್ಕದಲ್ಲಿ ಕೂತು ಅವಳ ಬೈಗುಳವನ್ನೆಲ್ಲ ಕದ್ದಿದ್ದೆ. ಈ ನಗುವನ್ನು ಎಷ್ಟು ಪ್ರಯತ್ನಿಸಿದರೂ ಕದಿಯಲಾಗಿರಲಿಲ್ಲ.

ಅವನಿಗೆ ಹೇಳಲಿಲ್ಲ. ಇನ್ನೊಮ್ಮೆ ನಗಲಿ ಎಂದು ಚಪಾತಿಯ ವಿಷಯ ಎತ್ತಿದೆ.